ನನ್ನದು ಹೇಗಿದೆ

ದುರ್ಗಿಗುಡಿಯ ಸ್ಕ್ಯಾನಿಂಗ್ ಸೆಂಟರು.
ಹೊಟ್ಟೆಯ ಮೇಲೆ ತಣ್ಣನೆ ಜೆಲ್ಲು.
ಪಿತ್ತ ನೆತ್ತಿಗೇರುವುದು ಮಾತಿಗೆ;
ನನಗದು ಕಣ್ಣಿಗೇರಿ ನಾಲ್ಕು ದಿನ.

ಬಾಗಿಲ ಬಳಿ ನಾದಿನಿ ಫಿಲೋಮಿನಾ,
ಎಂಟು ತಿಂಗಳ ಹಿಂದೆ ಅರ್ಧ ಲಿವರ್ ಕೊಟ್ಟವಳು.
ಪ್ರತಿ ಸಲವೂ ಅದೇ ಪ್ರಶ್ನೆ:
'ನನ್ನದು ಹೇಗಿದೆ, ಡಾಕ್ಟ್ರೇ?'
ಬಾಡಿಗೆಗೆ ಬಿಟ್ಟ ಕೋಣೆಯನ್ನು
ವಿಚಾರಿಸಿಕೊಂಡ ಹಾಗೆ.

ಡಾಕ್ಟರ್ ವಾಗೀಶ್ ಇವತ್ತು ಉತ್ತರಿಸಲಿಲ್ಲ.
ಪಕ್ಕೆಲುಬಿನ ಸಂದಿಗೆ ಪ್ರೋಬ್ ಒತ್ತಿ
ರಕ್ತನಾಳ ಹುಡುಕುತ್ತಿದ್ದರು.
'ಉಸಿರು ಹಿಡೀರಿ.' ಹಿಡಿದೆ.
'ಬಿಡಿ.' ಬಿಟ್ಟೆ. ಮತ್ತೆ ಹಿಡಿದೆ.
ಮೆಷಿನ್ನಿನಲ್ಲಿ ಬರೀ ಸರಸರ,
ಸ್ಟೇಷನ್ ಸಿಗದ ರೇಡಿಯೋ.

ಆಮೇಲೆ,
ತುಂಬಾ ಹೊತ್ತಾದ ಮೇಲೆ,
ಹುಶ್, ಹುಶ್, ಹುಶ್:
ಪಂಕ್ಚರ್ ಅಂಗಡಿಯ ಹಳೇ ಪಂಪಿನ ಸದ್ದು.
ಫಿಲೋಮಿನಾ ಶಿಲುಬೆಯ ಗುರುತು ಹಾಕಿಕೊಂಡಳು.
'ರಕ್ತ ಹೋಗ್ತಿದೆ. ಪಿತ್ತನಾಳ ನೋಡಬೇಕು.'

ಸಂಜೆ ಎಂಆರ್‌ಐ. ಕಪ್ಪು ಹಾಳೆಯಲ್ಲಿ ಬೆಳ್ಳಗೆ
ಕವಲು ಕವಲಾದ ದಾರಿ,
ಹೊಲಿಗೆ ಹಾಕಿದಲ್ಲಿ ನೂಲಿನಷ್ಟು ಸಣ್ಣ.
ಬೇರೆಯವರಿಗೆ ವಿವರಿಸಬೇಕಿತ್ತೇನೋ.
ಹತ್ತೊಂಬತ್ತು ವರ್ಷ
ಉಡುಪಿಯ ಮಿನಿಬಸ್ಸನ್ನು ಆಗುಂಬೆ ಘಾಟಿ ಇಳಿಸಿದವನು ನಾನು;
ತಿರುವಿನಲ್ಲೊಂದು ಗಾಡಿ ಸಿಕ್ಕಿಕೊಂಡರೆ
ಹಿಂದೆ ಎಲ್ಲಿಯವರೆಗೆ ಸಾಲು ನಿಲ್ಲುತ್ತದೆ, ಗೊತ್ತು.

'ಮಣಿಪಾಲಕ್ಕೆ ಹೋಗಿ. ಸ್ಟೆಂಟ್ ಹಾಕ್ತಾರೆ. ತಡ ಬೇಡ.'

ಬೆಳಗಿನ ಐದೂವರೆಯ ಬಸ್ಸು.
ನನ್ನ ಸೀಟಿನಲ್ಲಿ ಯಾರೋ ಹುಡುಗ.
ಕಿಟಕಿ ಪಕ್ಕ ಫಿಲೋಮಿನಾ, ತೊಡೆಯ ಮೇಲೆ ಫಿಲ್ಮಿನ ಕವರು.
ಘಾಟಿಯ ಮೊದಲ ತಿರುವಿಗೆ
ಹುಡುಗ ಗೇರ್ ಬದಲಿಸುವುದು ತಡವಾಯಿತು.
ನಾನು ಇಲ್ಲದ ಬ್ರೇಕನ್ನು ಬಲವಾಗಿ ತುಳಿದೆ.

'ಮೆಲ್ಲಗೆ,' ಅಂದಳು ಅವಳು.
ಹುಡುಗನಿಗಲ್ಲ.
'ಒಳಗೆ ನಂದೂ ಇದೆ.'