ವಿದೌಟ್

ಆರ್ಡರು ಬಂದದ್ದು ಶನಿವಾರ, ಅಕ್ಕಿ ತೊಳೆಯುವಾಗ.
ವಿದ್ಯಾವಿಹಾರ ಸ್ಟೇಷನ್ನಿನ ಬುಕಿಂಗ್ ಕ್ಲಾರ್ಕು, ರೇಶ್ಮಾ ತಾಂಡೇಲ:
ನಮ್ಮ ಘಾಡಿ ಸಾಹೇಬರು ಮೂವತ್ತೊಂದಕ್ಕೆ ರಿಟೈರು,
ತಲೆಗೆ ನೂರೈವತ್ತು ಕೂಡಿಸಿದ್ದೇವೆ,
ಗಡಿಯಾರ ಬೇಡ, ಶಾಲು ಬೇಡ,
ಅವರ ನಾಯಿಯ ಮುಖ ಮಾಡಿಕೊಡಿ ಉಣ್ಣೆಯಲ್ಲಿ,
ಚೌಕಟ್ಟಿನಿಂದ ಮೂತಿ ಹೊರಗೆ ಚಾಚಿರಲಿ.

ಅವರ ನಾಯಿ ಅಂದರೆ ಅವರದೇನಲ್ಲ.
ಒಂದನೇ ಪ್ಲಾಟ್‌ಫಾರ್ಮಿನದು.
ಬೇಸರವಾದರೆ ಲೋಕಲ್ ಹತ್ತಿ ಘಾಟಕೋಪರಕ್ಕೆ ಹೋಗಿ
ಎದುರಿನ ಸ್ಲೋ ಗಾಡಿಗೆ ವಾಪಸು.
ಟಿಕೇಟು ಹರಿಯುವವರೇ ಇಟ್ಟ ಹೆಸರು,
ವಿದೌಟ್.

ಬಣ್ಣ ಯಾವುದು, ಕೇಳಿದೆ.
ಚಹಾದವನ ಪ್ರಕಾರ, ಎರಡನೇ ಕುದಿಯ ಕಟಿಂಗ್.
ಹೂ ಮಾರುವ ಬಾಯಿ ಅಂದಳಂತೆ, ತಳ ಹಿಡಿದ ಬೆಲ್ಲ.
ಪಾಲಿಶಿನವನು ಮಾತಾಡದೆ
ಡಬ್ಬಿಯ ಮುಚ್ಚಳ ತೆಗೆದು ಫೋಟೋ ಕಳಿಸಿದ.

ನಾಯಿಯ ಫೋಟೋ ಹದಿನೇಳು.
ಹದಿನಾರರಲ್ಲಿ ಬಾಲ, ಅಥವಾ ಓಡುವ ಕಂದು ಮಸುಕು.
ಒಂದರಲ್ಲಿ ಮುಖ. ಘಾಡಿಯವರೇ ತೆಗೆದ ಸೆಲ್ಫಿ,
ಗಡ್ಡ ಬೋಳಿಸಿದ ಕೆನ್ನೆಗೆ ಒದ್ದೆ ಮೂಗು,
ಒಂದು ಕಿವಿಯ ತುದಿಯಲ್ಲಿ ಕತ್ತರಿ ಕಚ್ಚಿದ ಗುರುತು
(ಆಪರೇಷನ್ನಾದ ಬೀದಿನಾಯಿಗೆ ಮುನಿಸಿಪಾಲಿಟಿಯ ಸಹಿ).
ಬಲಗಿವಿ, ಎಂದು ಬರೆದುಕೊಂಡೆ.
ಹಿಂದೆ ಗಾಡಿ ಹೊತ್ತಿನ ಬೋರ್ಡು, ಏನೋ ಕೆಂಪು ಗೀಚು.
ಓದಲಿಲ್ಲ.

ಮೆರಿನೋ ಮೆತ್ತಗೆ. ಪೊವಾಯಿಯ ಹದಿನೆಂಟನೇ ಮಹಡಿಯ
ಪರ್ಶಿಯನ್ ಬೆಕ್ಕಿಗೆ, ತೀರಿಹೋದ ಮೊಲಕ್ಕೆ ಅದು ಸರಿ.
ಇದಕ್ಕೆ ಫಲ್ಟಣದ ಕುರಿಯೇ ಬೇಕು:
ಒರಟು, ಮುಳ್ಳು ಸಿಕ್ಕಿದ, ಮೂರು ಸಲ ತೊಳೆದರೂ
ಹಟ್ಟಿಯನ್ನು ಮರೆಯದ ಉಣ್ಣೆ.
ಡೊಂಬಿವಲಿಯ ಒಂದೂವರೆ ಕೋಣೆಯಲ್ಲಿ
ಗಂಡನ ಬೇಳೆಸಾರಿಗೆ ಒಂದೆಳೆ ಹಾರಿ ಬಿತ್ತು.
ಕಂಬಳಿಯಲ್ಲಿ ಉಂಡು ಕೂದಲೆಂದರೆ ಹೇಗೆ, ಎಂದೆ.
ಎತ್ತಿ ತಟ್ಟೆಯ ಅಂಚಿಗಿಟ್ಟು ಉಂಡ.

ಈ ಸೂಜಿಗೆ ಕಣ್ಣಿಲ್ಲ, ದಾರವಿಲ್ಲ,
ಹೊಲಿಗೆ ಬರುವುದೇ ಇಲ್ಲ.
ಮೈತುಂಬ ಸಣ್ಣ ಕಚ್ಚು. ಒಳಗೆ ಹೋಗುವಾಗ
ಮೇಲಿನೆಳೆಯನ್ನು ಜೊತೆಗೆ ಒಯ್ಯುತ್ತದೆ,
ಬರುವಾಗ ಅಲ್ಲೇ ಬಿಟ್ಟು ಬರುತ್ತದೆ.
ಸಾವಿರ ಸಲ ಹೀಗೆ ಬಿಟ್ಟು ಬಂದರೆ
ಒಂದು ಮೂಗು.
ಕಣ್ಣಿನ ಸುತ್ತ ಚುಚ್ಚುವಾಗ ಇವತ್ತಿಗೂ
ನನ್ನ ಕಣ್ಣೇ ಮುಚ್ಚಿಕೊಳ್ಳುತ್ತವೆ.
ಎರಡು ಸೂಜಿ ಮುರಿದವು. ಹೆಬ್ಬೆರಳ ರಕ್ತದ ಚುಕ್ಕೆ
ಬೆಲ್ಲದ ಬಣ್ಣದಲ್ಲಿ ಕಾಣಲೇ ಇಲ್ಲ.

ಬೀಳ್ಕೊಡುಗೆಯ ವರದಿ ರೇಶ್ಮಾಳದು.
ಸಮೋಸ, ಪೇಢೆ, ಸ್ಟೇಷನ್ ಮಾಸ್ತರರ ಉದ್ದ ಭಾಷಣ.
ವಿದೌಟ್ ಬಂತು, ಉಣ್ಣೆಯ ಮೂತಿಗೆ ಮೂತಿ ತಾಗಿಸಿ ಮೂಸಿತು.
ಅದಕ್ಕೆ ಸಿಕ್ಕಿದ್ದು ಕುರಿ.
ಸೀನಿ, ಸಮೋಸದ ಕಡೆ ಹೊರಟಿತು.
ಘಾಡಿ ಮಾತ್ರ ಬಹಳ ಹೊತ್ತು ನೋಡಿದರು,
ಕಿವಿಯ ತುದಿ ಮುಟ್ಟಿ 'ಛಾನ್' ಅಂದರು,
ರಾತ್ರಿ ಗಾಡಿಗೆ ಕಣಕವಲಿಗೆ ಹೋದರು.

ಹದಿನೈದು ದಿನ ಬಿಟ್ಟು ರೇಶ್ಮಾ ಮೆಲ್ಲಗೆ ಹೇಳಿದಳು:
ಬಾಯಿ, ಕತ್ತರಿಸಿದ್ದು ಎಡಗಿವಿ.

ಸೆಲ್ಫಿ ತೆರೆದೆ, ದೊಡ್ಡದು ಮಾಡಿದೆ.
ಹಿಂದಿನ ಬೋರ್ಡಿನಲ್ಲಿ ಅಂಕಿಗಳೆಲ್ಲ ತಿರುಗಾಮುರುಗ.
ಹನ್ನೊಂದು ದಿನ ಅದರ ಮುಂದೆ ಕೂತಿದ್ದವಳು ನಾನು.

ಕಣಕವಲಿಗೆ ಫೋನು ಮಾಡಿದೆ:
ವಾಪಸು ಕಳಿಸಿ, ಒಂದು ಚಿಟಿಕೆ ಉಣ್ಣೆ, ಅರ್ಧ ಗಂಟೆ ಕೆಲಸ.
ಆಚೆ ಕಡೆ ಕೋಳಿ ಕೂಗಿತು.
ಬೇಡ, ಅಂದರು. ಬಚ್ಚಲ ಕನ್ನಡಿಯ ಎದುರು ಗೋಡೆಗೆ ಹಾಕಿದ್ದೇನೆ.
ಬೆಳಿಗ್ಗೆ ಗಡ್ಡ ಮಾಡುವಾಗ
ನನ್ನ ಭುಜದ ಹಿಂದಿನಿಂದ ಇಣುಕುತ್ತದೆ,
ಕಿವಿ ಸರಿಯಾಗೇ ಇದೆ.

ಮೊನ್ನೆ ದಾದರಿಗೆ ಹೋಗುವವಳು
ಕಾರಣವಿಲ್ಲದೆ ವಿದ್ಯಾವಿಹಾರದಲ್ಲಿ ಇಳಿದೆ.
ಮೂರನೇ ಕಿಟಕಿಯ ಕೆಳಗೆ, ಕ್ಯೂ ಸುತ್ತಿಕೊಂಡು ಹೋಗುವ ಹಾಗೆ
ಅಡ್ಡ ಮಲಗಿತ್ತು.
ಚಹಾವೂ ಅಲ್ಲ, ಬೆಲ್ಲವೂ ಅಲ್ಲ,
ನನ್ನ ಡಬ್ಬಿಗಳಲ್ಲಿಲ್ಲದ ಬಣ್ಣ.
ಎದ್ದು ಬಂದು ಉಣ್ಣೆಯ ಚೀಲಕ್ಕೆ ಮೂಗು ತೂರಿಸಿತು.
ನನ್ನ ಸೀರೆಗೆ ಸಿಡಿಯುವ ಹಾಗೆ
ಸೀನಿತು.