ಹನ್ನೆರಡು ಪಾಯಿಂಟ್ ಆರು

ಕಾರು ಹೊರಗೆ ತೆಗೆದರೆ ಜಾಗ ಹೋಗುತ್ತದೆ.
ವಿಕ್ರೋಲಿಯ ಕನ್ನಮ್ವಾರ್ ನಗರದಲ್ಲಿ
ಇದು ಮಕ್ಕಳಿಗೂ ಗೊತ್ತಿರುವ ಶಾಸ್ತ್ರ.
ಹೋದ ಚೌತಿಗೆ ಒಮ್ಮೆ ತೆಗೆದಿದ್ದೆವು, ಮುಲುಂಡಿನ ತನಕ;
ಬರುವಷ್ಟರಲ್ಲಿ ಅಲ್ಲೊಂದು ಟೆಂಪೋ
ಸಂಸಾರ ಹೂಡಿ ಕೂತಿತ್ತು.
ಎಬ್ಬಿಸಲು ಎರಡು ವಾರ, ಒಂದು ಪೆಟ್ಟಿಗೆ ಪೇಡ.
ಅಲ್ಲಿಂದ ನಮ್ಮದು ಕದಲಿಲ್ಲ,
ಹಿಂಚಕ್ರಕ್ಕೆ ಇಟ್ಟಿಗೆ ಒತ್ತಿಕೊಂಡು.

ಮೇಲೆ ಮನೆ: ಒಂದು ಕೋಣೆ, ಒಂದು ಅಡುಗೆಕಟ್ಟೆ,
ಮಗ, ಸೊಸೆ, ಹಲ್ಲು ಬರುತ್ತಿರುವ ಮೊಮ್ಮಗು.
ಒಂಬತ್ತೂವರೆಗೆ ಲೈಟು ಆರಬೇಕು.
ಆಮೇಲೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತೇನೆ
ಮೂರು ಮಾಳಿಗೆ, ಕಂಕುಳಲ್ಲಿ ಲೈಬ್ರರಿಯ ಪುಸ್ತಕ.
ಹಿಂದಿನ ಸೀಟಿನಲ್ಲಿ ಕಾಲು ಚಾಚಿ
ಚಾವಣಿಯ ಪುಟ್ಟ ದೀಪ ಒತ್ತಿದರೆ
ಈ ಊರಿನಲ್ಲಿ ನನ್ನದೆಂಬ ಕೋಣೆ.
ನಾಲ್ಕು ಬಾಗಿಲು. ನಾಲ್ಕಕ್ಕೂ ಚಿಲಕ.

ಹಾಗೆ ಓದಿ ಓದಿ ಬ್ಯಾಟರಿ ಕೊಂದೆ.
ನೂರಾ ಹನ್ನೆರಡನೇ ಪುಟದಲ್ಲಿ ಅವಳು
ಅಂಚೆಯ ಲಕೋಟೆ ಒಡೆಯುತ್ತಿದ್ದಾಗ
ದೀಪ ಹಳದಿಯಾಯಿತು, ಅರಿಶಿನವಾಯಿತು,
ಇಲ್ಲವಾಯಿತು.
ಕಾಗದದಲ್ಲಿ ಎಂತ ಇತ್ತೆಂದು ಬೆಳಗಾಗುವ ತನಕ ಗೊತ್ತಾಗಲಿಲ್ಲ.

ಇವರು ಬೈಯಲಿಲ್ಲ.
ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ವಯರು ಹಿಡಿದವರು;
ಮಾತು ಕಡಿಮೆ, ಕರೆಂಟು ಗೊತ್ತು.
ಬ್ಯಾಟರಿಯನ್ನು ಕೊರಗಪ್ಪನ ಅಂಗಡಿಯಲ್ಲಿ
ಒಂದು ರಾತ್ರಿ ಸಲೈನಿಗೆ ಹಾಕಿ,
ಲ್ಯಾಮಿಂಗ್ಟನ್ ರೋಡಿಗೆ ಹೋಗಿ
ಊಟದ ಮಣೆಯಷ್ಟಗಲದ ಕರಿ ಹಲಗೆ ತಂದರು,
ಸಂಜೆಯ ಲೋಕಲಿನಲ್ಲಿ ತಲೆಯ ಮೇಲೆ ಎತ್ತಿ,
ನೆರೆಯಲ್ಲಿ ಕೂಸನ್ನು ದಾಟಿಸುವ ಹಾಗೆ.
ಹತ್ತು ವಾಟ್.

ಕೆಂಪು ತಂತಿ ಕೂಡಿಸಲಿಕ್ಕೆ, ಕಪ್ಪು ಕಳೆಯಲಿಕ್ಕೆ,
ನಡುವೆ ಬತ್ತದ ಕಾಳಿನಷ್ಟು ಒಂದು ಡಯೋಡ್.
ಇದು ಎಂತಕ್ಕೆ, ಕೇಳಿದೆ.
ಹಗಲು ಕೊಟ್ಟದ್ದನ್ನು ರಾತ್ರಿ ವಾಪಸು ಎಳೆಯಬಾರದಲ್ವಾ, ಅಂದರು.
ಅತ್ತೆ ಕೊಟ್ಟ ಬಳೆಗಳ ನೆನಪಾಯಿತು. ಹೇಳಲಿಲ್ಲ.
ಸ್ಪ್ಯಾನರ್ ಒರಸುತ್ತ ಇನ್ನೊಂದು ಮಾತು:
ಸತ್ತದ್ದನ್ನು ಇದು ಎಬ್ಬಿಸುವುದಿಲ್ಲ ಮಾರಾಯ್ತಿ,
ಇದ್ದದ್ದನ್ನು ಇದ್ದ ಹಾಗೆ ಇಡುತ್ತದೆ, ಅಷ್ಟೆ.

ಕಾಗೆ ಹಿಕ್ಕೆ ಹಾಕಿತು. ಚೆಂಡು ಬಿತ್ತು.
ವಾಚ್‌ಮನ್ ಝಾ ಒಮ್ಮೆ ಅದರ ಮೇಲೆ ಬನಿಯನ್ ಒಣಗಿಸಿದ;
ಆ ಸಂಜೆ ಮೀಟರು ಹನ್ನೆರಡು ಪಾಯಿಂಟ್ ಎರಡು ಅಂದಿತು,
ಇವರ ಮೋರೆ ಅದಕ್ಕಿಂತಲೂ ಕೆಳಗೆ.
ಹನ್ನೆರಡು ಪಾಯಿಂಟ್ ಆರು ಇದ್ದರೆ ಮಾತ್ರ ಚಹಾಕ್ಕೆ ಸಕ್ಕರೆ ಕೇಳುತ್ತಾರೆ.
ಓಡದ ಗಾಡಿಗೆ ಬ್ಯಾಟರಿ ಯಾಕೆ ಕಾಕಾ,
ಸೆಕ್ರೆಟರಿ ಪರಾಂಜಪೆ ನಕ್ಕರೆ
ಒಳಗಿನ ಗಡಿಯಾರ ನಿಲ್ಲಬಾರದು, ಅಂತಾರೆ.
ಆ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ, ಯಾವಾಗಿನಿಂದಲೋ.

ಈಗ ಪಕ್ಕದ ಪ್ಲಾಟಿನಲ್ಲಿ ಟವರು ಏಳುತ್ತಿದೆ.
ಹದಿನಾಲ್ಕನೇ ಸ್ಲ್ಯಾಬ್ ಬಿದ್ದ ಮೇಲೆ ನಮ್ಮ ಬಿಸಿಲು
ಹನ್ನೊಂದೂ ಹತ್ತಕ್ಕೆ ಬಂದು ಒಂದೂಮುಕ್ಕಾಲಿಗೆ ಏಳುತ್ತದೆ,
ಅವಸರದ ನೆಂಟನಂತೆ.
ಇವರು ಸೋಮವಾರ ಸೋಮವಾರ ಚಾಕ್ ಹಿಡಿದು
ನೆರಳಿನ ಅಂಚನ್ನು ನೆಲದಲ್ಲಿ ಗೀಚುತ್ತಾರೆ.
ಗೆರೆ ಮುಂದಿನ ಚಕ್ರಕ್ಕೆ ತಾಗಿದೆ.
ಹಾಲಿನ ಚೀಟಿಯ ಹಿಂದೆ ಗುಣಿಸಿ ಭಾಗಿಸಿ
ನನಗೆ ತಿಳಿಸಿದರು:
ಇಷ್ಟು ಬಿಸಿಲಿಗೆ ದಿನಕ್ಕೆ ನಲವತ್ತು ಪುಟ.
ದಪ್ಪದ್ದು ಇದ್ದರೆ ಮಳೆ ಹಿಡಿಯುವ ಮೊದಲೇ ಮುಗಿಸು.

ನಲವತ್ತು ಪುಟ.
ಮಧ್ಯಾಹ್ನದ ಬಿಸಿಲು ರಾತ್ರಿ ಹನ್ನೊಂದಕ್ಕೆ
ಅಕ್ಷರಗಳ ಮೇಲೆ ಬಿದ್ದಿರುತ್ತದೆ, ಸುಡದೆ.
ಪುಟ ತಿರುವುವಾಗ ಬೆರಳು ನಿಧಾನವಾಗಿದೆ ಈಚೆಗೆ.

ನಿನ್ನೆ ಅವರೂ ಇಳಿದು ಬಂದರು.
ಮುಂದೆ ಕೂತು, ವಾರಕ್ಕೊಮ್ಮೆ ಇದೂ ಉಸಿರಾಡಬೇಕು, ಎಂದು
ಕೀಲಿ ತಿರುಗಿಸಿದರು.
ಸೀಟು ನಡುಗಿತು, ಪುಸ್ತಕ ನಡುಗಿತು,
ಎದುರಿನ ಗೋಡೆಯಲ್ಲಿ ಬೆಕ್ಕೊಂದು ಬೆಳ್ಳಗಾಗಿ ಓಡಿತು.
ಇದು ಕಾರೆಂಬುದೇ ನನಗೆ ಮರೆತುಹೋಗಿತ್ತು.

ಎಲ್ಲಿಗೆ, ಅಂದೆ.
ಎಷ್ಟನೇ ಪುಟ, ಅಂದರು,
ಹಿಂದೆ ತಿರುಗದೆ.