ಬಾಲವಿಲ್ಲದ ಕ್ರಿಯಾಪದ

ವಿದ್ಯಾನಗರದ ಕೋರ್ಟಿನಲ್ಲಿ, ಪಿಂಚಣಿಯ ನಂತರ, ನನ್ನ ಕೆಲಸ
ಇವರ ಕನ್ನಡವನ್ನು ಅವರ ಮಲಯಾಳಕ್ಕೆ ದಾಟಿಸುವುದು.
ದೋಣಿಯವನನ್ನು ಯಾರೂ ಕೇಳುವುದಿಲ್ಲ, ಮೂಟೆಯೊಳಗೇನೆಂದು.
ಈಗ ಆರು ತಿಂಗಳಿಂದ ಕೇಳುತ್ತಿದ್ದಾರೆ.

ಮುಳ್ಳೇರಿಯದ ಬಸ್ಸಿನ ಕಂಡಕ್ಟರು, ಚಿಲ್ಲರೆ ಎಣಿಸುತ್ತ:
"ಮಾಷೇ, ಇವತ್ತಾದರೂ ಅತ್ತಳಾ?"
ಅದ್ರಾಮನ ಹೋಟೆಲಿನಲ್ಲಿ ಬನ್ಸಿಗೂ ಮೊದಲು ಬರುತ್ತದೆ ಪ್ರಶ್ನೆ.
ಅಳಲಿಲ್ಲ ಎಂದರೆ, ಕಂಡಿರಾ, ಕಲ್ಲು.
ಮೊನ್ನೆ ಕಣ್ಣೊರೆಸಿದಳು ಎಂದರೆ, ವಕೀಲ ಹೇಳಿಕೊಟ್ಟದ್ದು.
ಒಮ್ಮೆ ಆಕಳಿಸಿದಳು. ಅದಕ್ಕೆ ಇಡೀ ಒಂದು ಸಂಜೆ ಹೋಯಿತು.
ಗಂಡ ಸತ್ತವಳು ಆಕಳಿಸುತ್ತಾಳಾ?
ಕಣ್ಣೂರಿನ ಜೈಲಿನಿಂದ ನಸುಕಿನ ನಾಲ್ಕಕ್ಕೇ ಎಬ್ಬಿಸಿ ಹೊರಡಿಸುತ್ತಾರೆ
ಎಂದು ನಾನು ಹೇಳಲಿಲ್ಲ. ಬನ್ಸು ಬಿಸಿಯಿತ್ತು.

ಬೆರಳುಗಳದ್ದೇ ದೊಡ್ಡ ಚರ್ಚೆ.
ಕಟಕಟೆಯಲ್ಲಿ ಸುಗಂಧಿಯ ಬೆರಳು ನಿಲ್ಲುವುದಿಲ್ಲ.
ಮಂತ್ರ ಎಣಿಸುತ್ತಾಳೆ, ಎಂದ ಒಬ್ಬ.
ಇನ್ಶೂರೆನ್ಸಿನ ದುಡ್ಡು, ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.
ನನ್ನಮ್ಮನೂ ಹಾಗೆಯೇ, ಜ್ವರ ತಲೆಗೇರಿದಾಗಲೂ
ಎಡಗೈಯಲ್ಲಿ ಇಲ್ಲದ ಎಲೆ, ಬಲಗೈಯಲ್ಲಿ ಇಲ್ಲದ ಹೊಗೆಸೊಪ್ಪು,
ಸುರುಟಿ, ಸುರುಟಿ, ತುದಿ ಮಡಚಿ, ನೂಲು ಸುತ್ತಿ.
ಸಾವಿರ ಬೀಡಿಗೆ ಇಷ್ಟು ಎಂದು ಬದುಕಿದ ಕೈ
ಜಡ್ಜು ಬಂದರೆಂದು ನಿಂತೀತೇ?

ಪುರಾವೆ ಕಡಿಮೆ. ಮೂರು ಬಳೆಚೂರು, ಹಸಿರು.
ಬಾವಿಕಟ್ಟೆಯ ಮುರಕಲ್ಲಿನ ಮೇಲೆ ಒಂದೇ ಚಪ್ಪಲಿ.
ಒದ್ದೆ ಸೀರೆ. ಇಳಿದು ಹುಡುಕಿದಳೆಂದು ಒಂದು ಪಕ್ಷ,
ರಕ್ತ ತೊಳೆದಳೆಂದು ಇನ್ನೊಂದು;
ಆ ರಾತ್ರಿ ಮಳೆ ಬಂದಿತ್ತೆಂದು ಯಾರಿಗೂ ಹೊಳೆಯಲಿಲ್ಲ.
ಅವಳ ಮಣಿಕಟ್ಟಿನಲ್ಲಿ ಐತಪ್ಪನ ಉಗುರಿನ ನಾಲ್ಕು ಗೆರೆ.
ಬೀಳುವವನನ್ನು ಅವಳು ಹಿಡಿದಾಗಿನದ್ದೋ,
ತಳ್ಳಿದವಳನ್ನು ಅವನು ಹಿಡಿದದ್ದೋ?
ಎರಡೂ ಆಗಬಹುದು, ಎಂದರು ಡಾಕ್ಟರು.
ಹೊರಗೆ ಯಾರಿಗೂ ಅದು ಹಿಡಿಸಲಿಲ್ಲ.

ಉಳಿದದ್ದು ಗುಲಾಬಿ ಚಿಕ್ಕಮ್ಮನ ಸಾಕ್ಷಿ.
ನಡುರಾತ್ರಿ ಬಂದು ಬಾಗಿಲು ಬಡಿದು ಹೇಳಿದಳಂತೆ:
ಕೈ ಬಿಟ್ಟಿತು, ಚಿಕ್ಕಮ್ಮಾ.
ಅಥವಾ,
ಕೈ ಬಿಟ್ಟೆ, ಚಿಕ್ಕಮ್ಮಾ.
ಫ್ಯಾನು ಕಿರುಗುಟ್ಟುತ್ತಿತ್ತು. ಮುದುಕಿಗೆ ಮುಂದಿನ ಹಲ್ಲಿಲ್ಲ.

ನಮ್ಮ ಕ್ರಿಯಾಪದಕ್ಕೆ ಬಾಲವಿದೆ,
ಮಾಡಿದ್ದು ಯಾರೆಂದು ಬಾಲವೇ ಹೇಳಿಬಿಡುತ್ತದೆ.
ಮಲಯಾಳದ್ದಕ್ಕೆ ಬಾಲವಿಲ್ಲ, ಪುಣ್ಯ.
"ಕೈ ವಿಟ್ಟು" ಎಂದೆ.
ಅವಳು, ಅವನು, ಕೈ, ಕತ್ತಲೆ,
ಎಲ್ಲರಿಗೂ ಜಾಗವಿರುವ ಮಾತು.
ಜಡ್ಜು ಪೆನ್ನು ಎತ್ತಿದರು:
"ಆರ್?"

ಮತ್ತೆ ಕೇಳಿದೆ.
ಗುಲಾಬಿ ಚಿಕ್ಕಮ್ಮ ನನ್ನನ್ನು ನೋಡಲಿಲ್ಲ.
ಹಿಂದಿನ ಬೆಂಚುಗಳಲ್ಲಿ ಊರು ಕೂತಿತ್ತು,
ರೇಷನ್ ಅಂಗಡಿಯವ, ಹಾಲಿನ ಸೊಸೈಟಿಯವ,
ಕಂಡಕ್ಟರು, ರಜೆ ಹಾಕಿ.
ಆರು ತಿಂಗಳು ಅಕ್ಕಿಯ ಸಾಲಿನಲ್ಲಿ ಕೇಳಿಸಿಕೊಂಡದ್ದೆಲ್ಲ
ಅವಳ ಬಾಯಿಗೆ ಹಲ್ಲಾಗಿ ಬಂತು.
"ಬಿಟ್ಟೆ" ಎಂದಳು. ಸ್ಪಷ್ಟ.

ದಾಟಿಸಿದೆ.
ಮೊದಲ ಸಲ ನನ್ನ ಕಿವಿಗೆ ಬಿದ್ದದ್ದೇನೆಂದು
ಪ್ರಮಾಣ ಮಾಡಿಸಿ ಯಾರೂ ಕೇಳಲಿಲ್ಲ.
ಸುಗಂಧಿಯ ಬೆರಳು ಆಗ ನಿಂತಿತು.
ನಿಂತಿತು ನೋಡಿ, ಸಿಕ್ಕಿಬಿದ್ದಳು, ಎಂದಿತು ಸಂಜೆ ಹೋಟೆಲು.

ಇವತ್ತು ಬೆಳಿಗ್ಗೆ ನೀರು ಸೇದುವಾಗ
ಹಗ್ಗ ಸರ್ರನೆ ಜಾರಿ ಕೊಡಪಾನ ತಳ ಸೇರಿತು.
"ಏನಾಯ್ತು?" ಹೆಂಡತಿ, ಒಳಗಿಂದ.
ಏನೋ ಹೇಳಿದೆ. ಬಿಟ್ಟೆ ಎಂದೆನೋ ಬಿಟ್ಟಿತು ಎಂದೆನೋ,
ಹಲ್ಲೆಲ್ಲ ಇದ್ದೂ ನೆನಪಿಲ್ಲ.
ಪಾತಾಳಗರಡಿ ಅದ್ರಾಮನ ಮನೆಯಲ್ಲಿದೆ.
ತರಲು ಹೋದರೆ ಕೇಳುತ್ತಾನೆ.
ನಾಳೆ ತೀರ್ಪು.